ಹೊಂದಿಕೊಂಡು ಹೋಗುವ ಬಂದೂಕು

ನಮ್ಮ ಮನೆಯಲ್ಲಿ ಆಯುಧಪೂಜೆಯ ದಿನ ಪೂಜೆಗೆ ಇಡುವ ಆಯುಧಗಳೆಂದರೆ ಈಳಿಗೆಮಣೆ, ಕುಡುಗೋಲು, ನಮ್ಮನೆಯವರ ಸ್ಕೂಟರು ಮತ್ತು ನನ್ನ ಕೆಂಪು ಶಾಯಿಯ ಪೆನ್ನು. ಮೂವತ್ತು ವರ್ಷಗಳಿಂದ ಈ ಪಟ್ಟಿಯಲ್ಲಿ ಬದಲಾವಣೆಯಾದದ್ದು ಕಡಿಮೆ. 2024ರಲ್ಲಿ ಮಾತ್ರ ಈ ಸಾಲಿಗೆ ಜರ್ಮನಿಯಲ್ಲಿ ತಯಾರಾದ ಒಂದು ಗಾಳಿ ಬಂದೂಕು ಬಂದು ಕೂತಿತು. ಅತ್ತೆಯವರು ಅದಕ್ಕೂ ಕುಂಕುಮ ಇಡಲು ಹೋದಾಗ ಮಗಳು, "ಅಜ್ಜೀ, ಆ ಕಿಂಡಿಗೆ ಮಾತ್ರ ಬೇಡಾ" ಎಂದು ಕೂಗಿಕೊಂಡಳು. ಅದರ ಬೆಲೆ ಎಷ್ಟೆಂದು ಸ್ಟಾಫ್‌ರೂಮಿನಲ್ಲಿ ಕೇಳಿದವರಿಗೆಲ್ಲ ನಾನು ಅರ್ಧವನ್ನೇ ಹೇಳಿದ್ದೇನೆ. ಇಲ್ಲಿ ಪೂರ್ತಿ ಹೇಳುತ್ತೇನೆ, ಯಾಕೆಂದರೆ ಬೆಲೆಗಿಂತ ದೊಡ್ಡ ವಿಷಯವೊಂದನ್ನು ನಾನು ಹೇಳಬೇಕಾಗಿದೆ.

ಮೊದಲು ಇದು ನಮ್ಮ ಮನೆಗೆ ಹೇಗೆ ಬಂತು ಎನ್ನುವುದು. ಮಗಳು ಪಿ.ಯು.ಸಿ.ಯಲ್ಲಿ ಎನ್.ಸಿ.ಸಿ. ಸೇರಿದಳು. ಕ್ಯಾಂಪಿಗೆ ಹೋಗಿ ಬಂದವಳು ಅಲ್ಲಿನ ಊಟ, ಸೊಳ್ಳೆ, ಬೆಳಗಿನ ಓಟ ಯಾವುದನ್ನೂ ದೂರದೆ ಒಂದು ಕಾಗದವನ್ನು ತಂದು ತೋರಿಸಿದಳು. ಅದರಲ್ಲಿ ಐದು ತೂತುಗಳಿದ್ದವು, ಐದೂ ಒಂದು ರೂಪಾಯಿ ನಾಣ್ಯದೊಳಗೆ ಮುಚ್ಚಿಹೋಗುವಷ್ಟು ಹತ್ತಿರ. "ಅಮ್ಮ, ನಾನು ಶೂಟಿಂಗ್ ಸೇರ್ತೀನಿ" ಎಂದಳು. ಅತ್ತೆಯವರಿಗೆ ಆಗಲೇ ಎಂಬತ್ತು ದಾಟಿತ್ತು. "ಹೆಣ್ಣುಮಗು ಬಂದೂಕು ಹಿಡಿದು ಯಾರನ್ನೇ ಹೊಡೀಬೇಕು?" ಎಂದು ಕೇಳಿದರು. "ಯಾರನ್ನೂ ಅಲ್ಲ ಅಜ್ಜೀ, ಕಾಗದಾನ" ಎಂದಳು ಇವಳು. "ಕಾಗದ ಹೊಡೆಯೋಕೆ ಬಂದೂಕು ಯಾಕೆ, ನಿಮ್ಮಮ್ಮನ ಪೆನ್ನು ಸಾಲದೇ?" ಎಂದರು ಅವರು. ಮಕ್ಕಳ ಉತ್ತರಪತ್ರಿಕೆಗಳ ಮೇಲೆ ನನ್ನ ಕೆಂಪು ಗೆರೆಗಳನ್ನು ಅವರು ಎಷ್ಟೋ ವರ್ಷಗಳಿಂದ ನೋಡುತ್ತಾ ಬಂದವರು.

ನಮ್ಮದು ಹಾಸನದ ಕಡೆಯ ಊರು. ಊರಿನ ಒಂದು ಹಳೆಯ ಗೋದಾಮಿನಲ್ಲಿ ಕೊಡಗಿನ ಕಡೆಯ ನಿವೃತ್ತ ಸುಬೇದಾರರೊಬ್ಬರು ಆರು ಮಂದಿ ನಿಲ್ಲುವಷ್ಟು ಜಾಗ ಮಾಡಿಕೊಂಡು ಮಕ್ಕಳಿಗೆ ಗುರಿ ಹೇಳಿಕೊಡುತ್ತಿದ್ದರು. ಕೊಡಗಿನವರಿಗೆ ಬಂದೂಕು ಎಂದರೆ ನಮಗೆ ಮನೆದೇವರಿದ್ದ ಹಾಗೆ. ಕೈಲ್‌ಪೊಳ್ದು ಹಬ್ಬಕ್ಕೆ ಅದಕ್ಕೆ ಹೂವಿಟ್ಟು ಪೂಜೆ ಮಾಡುತ್ತಾರೆ, ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. "ಟೀಚರೇ, ನಮ್ಮಲ್ಲಿ ಹೆಂಗಸರೂ ಹೊಡೀತಾರೆ, ಹೆದರ್ಬೇಡಿ" ಎಂದು ಅವರು ಧೈರ್ಯ ಹೇಳಿದರು. ನಾನು ಹೆದರಿದ್ದು ಬಂದೂಕಿಗಲ್ಲ, ಫೀಸಿಗೆ. ಆದರೆ ಅದು ಟ್ಯೂಷನ್ ಫೀಸಿಗಿಂತ ಕಡಿಮೆಯೇ ಇತ್ತು. ಸೇರಿಸಿದೆವು.

ಈ ಆಟ ಏನೆಂದು ತಿಳಿಯದವರಿಗಾಗಿ ಎರಡು ಮಾತು. ನಿಂತು ಹೊಡೆಯುವವರಿಗೂ ಗುರಿಗೂ ನಡುವೆ ಹತ್ತು ಮೀಟರು, ಅಂದರೆ ನಮ್ಮ ಶಾಲೆಯ ಒಂದು ದೊಡ್ಡ ತರಗತಿಯ ಉದ್ದಕ್ಕಿಂತ ಸ್ವಲ್ಪ ಹೆಚ್ಚು. ಗುರಿಯ ಕಪ್ಪು ವೃತ್ತ ಮೂರು ಸೆಂಟಿಮೀಟರಿನಷ್ಟಿರುತ್ತದೆ. ಅದರ ಮಧ್ಯೆ ಹತ್ತು ಅಂಕದ ಚುಕ್ಕಿ. ಅದರ ಅಗಲ ಅರ್ಧ ಮಿಲಿಮೀಟರು. ಗಸಗಸೆ ಕಾಳನ್ನು ನೀವು ನೋಡಿದ್ದೀರಲ್ಲ, ಅದಕ್ಕಿಂತಲೂ ಸಣ್ಣದು. ಹೊಡೆಯುವ ಗುಂಡು ಸೀಸದ್ದು, 4.5 ಮಿಲಿಮೀಟರು ದಪ್ಪ, ಸುಮಾರು ಅರ್ಧ ಗ್ರಾಂ ತೂಕ, ನಡು ಸಣ್ಣಗೆ ಮಾಡಿದ ಪುಟ್ಟ ಡಮರುವಿನ ಆಕಾರ. ಇಂಥ ಅರವತ್ತು ಗುಂಡುಗಳನ್ನು ಎಪ್ಪತ್ತೈದು ನಿಮಿಷಗಳಲ್ಲಿ ನಿಂತ ಹಾಗೇ ನಿಂತು ಹೊಡೆಯಬೇಕು. ಒಂದು ಗುಂಡಿಗೆ ಹೆಚ್ಚೆಂದರೆ 10.9 ಅಂಕ, ಎಲ್ಲಾ ಸೇರಿ 654. ಒಲಿಂಪಿಕ್ಸಿಗೆ ಈ ಸ್ಪರ್ಧೆ ಬಂದದ್ದು 1984ರಲ್ಲಿ. ಅಂದಿನಿಂದ 2017ರವರೆಗೂ ಗಂಡಸರಿಗೆ ಅರವತ್ತು ಗುಂಡು, ಹೆಂಗಸರಿಗೆ ನಲವತ್ತು. 2018ರಿಂದ ಇಬ್ಬರಿಗೂ ಅರವತ್ತಾಯಿತು. ಮನೆಗೆಲಸದಲ್ಲಿ ನಮಗೆ ಯಾರೂ ಇಪ್ಪತ್ತು ರಿಯಾಯಿತಿ ಕೊಟ್ಟಿರಲಿಲ್ಲವಲ್ಲ, ಇಲ್ಲಿ ಯಾಕಿತ್ತೋ!

ಮಗಳು ಆರು ತಿಂಗಳು ಅಲ್ಲಿನ ಬಂದೂಕಿನಲ್ಲೇ ಕಲಿತಳು. ಆಮೇಲೆ ನಮ್ಮ ಭಾವನವರ ಮಗ, ಇಂಜಿನಿಯರಿಂಗ್ ಓದುವಾಗ ಈ ಆಟ ಆಡುತ್ತಿದ್ದವನು, ಪುಣೆಗೆ ಕೆಲಸಕ್ಕೆ ಹೋಗುವಾಗ ತನ್ನ ಹಳೆಯ ಬಂದೂಕನ್ನು ಇವಳಿಗೆ ಕೊಟ್ಟುಹೋದ. ಅವನೂ ಯಾರಿಂದಲೋ ಕೊಂಡದ್ದು. ಮರದ ಹಿಡಿಯ, ನೋಡಲು ಬಲು ಚೆಂದದ ಬಂದೂಕು. ಪ್ರತಿ ಗುಂಡಿಗೂ ಪಕ್ಕದ ಒಂದು ಸನ್ನೆಯನ್ನು ಪೂರ್ತಿ ಹೊರಗೆಳೆದು ಒಳಕ್ಕೆ ಒತ್ತಬೇಕು, ಆಗ ಒಳಗೆ ಗಾಳಿ ತುಂಬುತ್ತದೆ. ನಮ್ಮ ಬೀದಿಯ ಬೋರ್‌ವೆಲ್ಲಿನ ಹ್ಯಾಂಡ್‌ಪಂಪಿನ ನೆನಪು ಬರುತ್ತಿತ್ತು. ದುಡ್ಡಿಲ್ಲದೆ ಬಂದ ವಸ್ತು, ಅದೂ ಮನೆಯವರದೇ. ನನಗೆ ಬಹಳ ಸಂತೋಷವಾಯಿತು.

ಭಾವನವರ ಮಗ ಆರಡಿಯ ಆಳು. ನನ್ನ ಮಗಳು ಅವಳಜ್ಜಿಯ ಎತ್ತರ, ಐದಡಿಗೆ ಒಂದು ಅಂಗುಲ ಮೇಲೆ. ಅವನ ತೋಳಿನ ಉದ್ದಕ್ಕಿದ್ದ ಬಂದೂಕನ್ನು ಇವಳು ಹಿಡಿದರೆ ಅದರ ಹಿಂಭಾಗ ಭುಜದ ಗುಳಿಯಲ್ಲಿ ಕೂರದೆ ತೋಳಿನ ಮೇಲೆ ಜಾರುತ್ತಿತ್ತು. ಕಿಂಡಿಗೆ ಕಣ್ಣು ಸಿಗಬೇಕಾದರೆ ಕತ್ತನ್ನು ಕೊಕ್ಕರೆಯ ಹಾಗೆ ಮುಂದಕ್ಕೆ ಚಾಚಬೇಕು. ಮೊದಲ ವಾರವೇ ಬಂದು, "ಅಮ್ಮ, ಇದು ನನಗೆ ಉದ್ದ ಆಗುತ್ತೆ" ಎಂದಳು. ನಾನು ಹುಳಿಗೆ ಒಗ್ಗರಣೆ ಹಾಕುತ್ತಾ, "ಸ್ವಲ್ಪ ದಿನ ಹಾಗನ್ನಿಸುತ್ತೆ ಕಣೆ, ಹೊಂದಿಕೋ" ಎಂದೆ. ಸುಬೇದಾರರು, "ಹಿಂದಿನ ಮರವನ್ನು ಎರಡು ಅಂಗುಲ ಕೊಯ್ದರೆ ಸ್ವಲ್ಪ ಸರಿಹೋಗುತ್ತೆ ಟೀಚರೇ" ಎಂದು ಹೇಳಿಕಳಿಸಿದರು. ಭಾವನವರ ಮನೆಯ ವಸ್ತುವನ್ನು ಕೊಯ್ಯುವುದೇ! ನಾಳೆ ಹುಡುಗ ವಾಪಸು ಕೇಳಿದರೆ? "ಬೇಡ, ಹೊಂದಿಕೊಳ್ತಾಳೆ" ಎಂದೆ.

ಹೀಗೆ ಎರಡು ವರ್ಷ. ಬೆಳಿಗ್ಗೆ ಎದ್ದರೆ ಕತ್ತು ತಿರುಗುವುದಿಲ್ಲ ಎನ್ನುತ್ತಿದ್ದಳು; ನಾನು ಎಣ್ಣೆ ಕಾಯಿಸಿ ಹಚ್ಚುತ್ತಿದ್ದೆ. ಬಲಭುಜ ನೋಯುತ್ತದೆ ಎನ್ನುತ್ತಿದ್ದಳು. ಉಪ್ಪಿನ ಶಾಖ ಕೊಡುತ್ತಿದ್ದೆ. ಅಂಕ 598, 600, 597, ಅಲ್ಲೇ ತಿರುಗುತ್ತಿತ್ತು. ಅಂಕ ಏರದ ವಿದ್ಯಾರ್ಥಿಗೆ ಮೇಷ್ಟರುಗಳು ಹೇಳುವ ಮಾತನ್ನೇ ನಾನೂ ಹೇಳಿದೆ, "ಗಮನ ಸಾಲದು." ಆ ದಿನ ಅವಳು ಏನೂ ಉತ್ತರ ಕೊಡಲಿಲ್ಲ. ಒಂದು ಭಾನುವಾರ ನಾನೇ ಗೋದಾಮಿಗೆ ಹೋಗಿ ಹಿಂದಿನ ಬೆಂಚಿನ ಮೇಲೆ ಕೂತು ಪೂರ್ತಿ ಅರವತ್ತು ಗುಂಡುಗಳನ್ನು ನೋಡಿದೆ. ಪ್ರತಿ ಸಲ ಬಂದೂಕನ್ನು ಎತ್ತಿದಾಗಲೂ ಅವಳು ಹಲ್ಲು ಕಚ್ಚುತ್ತಿದ್ದಳು. ಗುಂಡು ಹೋದಮೇಲೂ ದವಡೆ ಸಡಿಲವಾಗುತ್ತಿರಲಿಲ್ಲ. ಹತ್ತೊಂಬತ್ತು ವರ್ಷದ ಹುಡುಗಿಯ ಮುಖ ಅದಲ್ಲ, ಹೆರಿಗೆ ನೋವು ತಡೆದುಕೊಳ್ಳುವವಳ ಮುಖ.

ಸುಬೇದಾರರು ನನ್ನ ಪಕ್ಕ ಬಂದು ಕೂತು ಮೆಲ್ಲಗೆ ಹೇಳಿದರು: "ಟೀಚರೇ, ಈ ಎರಡು ವರ್ಷ ಹುಡುಗಿ ಬಂದೂಕಿಗೆ ಹೊಂದಿಕೊಂಡಿದ್ದಾಳೆ. ಅದಕ್ಕೇ ಅವಳ ಶಕ್ತಿಯೆಲ್ಲಾ ಹೋಯ್ತು. ಬಂದೂಕು ಹುಡುಗಿಗೆ ಹೊಂದಬೇಕು. ಒಳ್ಳೆ ಬಂದೂಕು ಅಂದ್ರೆ ಅಷ್ಟೇ, ಬೇರೇನಿಲ್ಲ."

ಅಂದು ರಾತ್ರಿ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಹೊಂದಿಕೋ ಎನ್ನುವ ಮಾತನ್ನು ನನಗೆ ಮೊದಲು ಹೇಳಿದವರು ಯಾರೆಂದು ನೆನಪಿಲ್ಲ. ಅಕ್ಕನ ಲಂಗ ನನಗೆ ಬಂದಾಗ ಅಮ್ಮ ಹೇಳಿರಬಹುದು. ಎಂ.ಎ. ಓದಬೇಕೆಂದವಳನ್ನು ಬಿ.ಎಡ್.ಗೆ ಸೇರಿಸಿದಾಗ ಅಪ್ಪ ಹೇಳಿದ್ದು ಚೆನ್ನಾಗಿ ನೆನಪಿದೆ. ಮದುವೆಯ ದಿನವಂತೂ ಅಕ್ಷತೆ ಹಾಕಿದವರೆಲ್ಲ ಹೇಳಿದರು. ಹೇಳಿಸಿಕೊಂಡ ಮಾತು ಎಷ್ಟು ಸಲೀಸಾಗಿ ನಾಲಗೆಗೆ ಬಂದುಬಿಡುತ್ತದೆ ನೋಡಿ! ನನಗೆ ನೋವಾದದ್ದು ಮಗಳಿಗೂ ಆಗಲಿ ಎಂದು ಯಾವ ತಾಯಿಯೂ ಬಯಸುವುದಿಲ್ಲ. ಆದರೂ ಒಗ್ಗರಣೆಯ ಸೌಟು ಕೈಯಲ್ಲಿ ಹಿಡಿದು ನಾನು ಹೇಳಿದ್ದು ಅದೇ ಮಾತು.

ಬೆಳಿಗ್ಗೆ ಕಾಫಿ ಕೊಡುವಾಗ ನಮ್ಮನೆಯವರಿಗೆ ಹೇಳಿದೆ, ಮಗಳಿಗೆ ಹೊಸ ಬಂದೂಕು ತೆಗೆದುಕೊಡಬೇಕೆಂದು. ಬೆಲೆ ಮೂರು ಲಕ್ಷದ ಆಚೀಚೆ ಎಂದಾಗ ಅವರು ಲೋಟವನ್ನು ಕೆಳಗಿಟ್ಟರು. ದುಡ್ಡಿರಲಿಲ್ಲವೆಂದಲ್ಲ. ಅವಳ ಮದುವೆಗೆ ನಾಲ್ಕು ಬಳೆ ಮಾಡಿಸಬೇಕೆಂದು ನಾನು ಹನ್ನೊಂದು ವರ್ಷಗಳಿಂದ ಚೀಟಿ ಹಾಕಿ, ತೆಗೆದು, ಬ್ಯಾಂಕಿನಲ್ಲಿಟ್ಟು ಕಾಪಾಡಿದ ದುಡ್ಡದು. "ಬಂಗಾರವಾದರೆ ಬೆಲೆ ಏರುತ್ತೆ, ಬಂದೂಕು ಇಳಿಯುತ್ತೆ" ಎಂದರು ಇವರು. ಲೆಕ್ಕದಲ್ಲಿ ಅದು ಸರಿಯೇ. ತಾಲೂಕು ಕಛೇರಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರ ಮಾತು ತಪ್ಪಾಗಲಿಕ್ಕಿಲ್ಲ. ನಾನು, "ಅವಳ ಕತ್ತೂ ಇಳಿದ ಮೇಲೆ ಬಳೆ ಏರಿಸೋಣ್ವಾ?" ಎಂದೆ. ಅವರು ನಕ್ಕರು. ನಕ್ಕದ್ದನ್ನೇ ಒಪ್ಪಿಗೆ ಎಂದು ತಿಳಿದುಕೊಂಡೆ.

ಮೂರು ಲಕ್ಷ ಎಂದರೆ ಕೈ ನಡುಗುವುದು ಸಹಜ. ಹಾಗಾಗಿ 2023ರ ಡಿಸೆಂಬರಿನಲ್ಲಿ ಯಾರೋ ಹೇಳಿದರೆಂದು ಇನ್ನೊಂದು ಊರಿನಲ್ಲಿ ಒಬ್ಬರ ಹತ್ತಿರವಿದ್ದ ಬಳಸಿದ ಬಂದೂಕನ್ನು ನೋಡಲು ಹೋದೆವು. ಬೆಲೆ ಒಂದು ಲಕ್ಷದ ನಲವತ್ತು ಸಾವಿರ. ಮಿರಮಿರ ಮಿಂಚುತ್ತಿತ್ತು. "ಹೆಚ್ಚು ಬಳಸೇ ಇಲ್ಲ ಅಮ್ಮಾ" ಎಂದರು ಮಾರುವವರು. ಈಗಿನ ಬಂದೂಕುಗಳಲ್ಲಿ ಸನ್ನೆ ಎಳೆದು ಗಾಳಿ ತುಂಬುವ ಕೆಲಸವಿಲ್ಲ. ನಳಿಗೆಯ ಕೆಳಗೆ ಒಂದು ಪುಟ್ಟ ಸಿಲಿಂಡರು ಇರುತ್ತದೆ. ಅದರಲ್ಲಿ 200 ಬಾರ್ ಒತ್ತಡದ ಗಾಳಿ, ಕಾರಿನ ಟೈರಿನಲ್ಲಿರುವುದಕ್ಕಿಂತ ಹೆಚ್ಚುಕಡಿಮೆ ನೂರು ಪಟ್ಟು. ಸಿಲಿಂಡರು ಎಂದಕೂಡಲೇ ನನ್ನ ಕಣ್ಣು ತಾನಾಗಿ ಅದರ ಕತ್ತಿನ ಹತ್ತಿರ ಹೋಯಿತು. ನೀವು ಅಡಿಗೆ ಗ್ಯಾಸ್ ಬಂದಾಗ ನೋಡುತ್ತೀರಲ್ಲ, ಎ, ಬಿ, ಸಿ, ಡಿ ಎಂದು ಒಂದು ಅಕ್ಷರ, ಪಕ್ಕದಲ್ಲಿ ವರ್ಷ, ಮುಂದಿನ ಪರೀಕ್ಷೆ ಯಾವಾಗ ಎಂದು? ನೋಡದಿದ್ದರೆ ಇನ್ನು ಮೇಲೆ ನೋಡಿ. ಇಲ್ಲೂ ಸಣ್ಣ ಅಕ್ಷರದಲ್ಲಿ ತಯಾರಾದ ದಿನ ಕೊರೆದಿತ್ತು: 2012. ಮಗಳ ಕಡೆ ನೋಡಿದೆ. ಅವಳು, "ಅಮ್ಮ, ಇದಕ್ಕೆ ಹತ್ತೇ ವರ್ಷ" ಎಂದು ಪಿಸುಗುಟ್ಟಿದಳು.

ಮಾರುವವರು, "ಅದೇನೂ ಆಗಲ್ಲ ಅಮ್ಮಾ, ಎಲ್ಲರೂ ಬಳಸ್ತಾರೆ" ಎಂದರು. ಸ್ಪರ್ಧೆಯ ನಿಯಮದಲ್ಲಿ ಸಿಲಿಂಡರಿನ ಅವಧಿ ಮುಗಿದಿಲ್ಲವೆಂದು ನೋಡಿಕೊಳ್ಳುವ ಹೊಣೆ ಆಡುವವರದೇ. ನಿಯಮ ಹಾಗಿರಲಿ, ಅಷ್ಟು ಒತ್ತಡದ ವಸ್ತುವನ್ನು ಎದೆಯ ಮುಂದೆ ಹಿಡಿಯುವವಳು ನನ್ನ ಮಗಳು. ಎದ್ದು ಬಂದೆವು. ಬಸ್ಸಿನಲ್ಲಿ ಅವಳು, "ನಿನಗೆ ಹೇಗೆ ಗೊತ್ತಾಯ್ತಮ್ಮ?" ಎಂದಳು. "ಅಡಿಗೆ ಮಾಡ್ತೀನಲ್ಲ" ಎಂದೆ. ಅಡಿಗೆಮನೆಯ ವಿದ್ಯೆ ಬಂದೂಕಿಗೂ ಆಗಿಬಂದದ್ದಕ್ಕೆ ಸ್ವಲ್ಪ ಜಂಬವೂ ಆಯಿತು. ಬಳಸಿದ್ದನ್ನು ಕೊಳ್ಳಲೇಬಾರದೆಂದು ನಾನು ಹೇಳುವುದಿಲ್ಲ. ಸಿಲಿಂಡರಿನ ದಿನ ನೋಡಿ, ಹೊಸ ಸಿಲಿಂಡರಿನ ಬೆಲೆ ಸೇರಿಸಿ ಲೆಕ್ಕ ಹಾಕಿ, ಆಮೇಲೆ ನಿಮ್ಮ ಇಷ್ಟ.

ಜನವರಿಯಲ್ಲಿ ಬೆಂಗಳೂರಿಗೆ ಹೋದೆವು. ಸುಬೇದಾರರೂ ಬಂದರು. ನನ್ನ ಕಲ್ಪನೆಯಲ್ಲಿ ಬಂದೂಕಿನ ಅಂಗಡಿ ಎಂದರೆ ಹುಲಿಯ ತಲೆ, ಮೀಸೆಯ ದೊಡ್ಡ ಮನುಷ್ಯ. ಅಲ್ಲಿದ್ದದ್ದು ಕನ್ನಡಕದ ಒಬ್ಬ ಹುಡುಗ ಮತ್ತು ಮೇಜಿನ ಮೇಲೆ ಸ್ಕ್ರೂ ತಿರುಗಿಸುವ ಪುಟ್ಟ ಕೀಲಿಗಳು. ನಾನು ಮೊದಲು ಕೇಳಿದ್ದು ಲೈಸೆನ್ಸಿನ ವಿಷಯ. 4.5 ಮಿಲಿಮೀಟರು ನಳಿಗೆಯ, 20 ಜೂಲ್ ಶಕ್ತಿ ಮೀರದ ಗಾಳಿ ಬಂದೂಕಿಗೆ ನಮ್ಮ ದೇಶದಲ್ಲಿ ಲೈಸೆನ್ಸು ಬೇಡ. ಸ್ಪರ್ಧೆಯ ಬಂದೂಕಿನ ಶಕ್ತಿ ಅದರ ಅರ್ಧವೂ ಇಲ್ಲ ಎಂದು ಆ ಹುಡುಗ ತಿಳಿಸಿದ. ಆದರೂ ಮನೆಯಲ್ಲಿ ಬೀಗ ಹಾಕಿಯೇ ಇಡಬೇಕೆಂದು ಸುಬೇದಾರರು ಕಟ್ಟುನಿಟ್ಟು ಮಾಡಿದರು.

ಅವನು ಮೂರು ಬಂದೂಕುಗಳನ್ನು ತಂದಿಟ್ಟ. ವಾಲ್ಟರ್ ಮತ್ತು ಆನ್‌ಶುಟ್ಸ್, ಎರಡೂ ಜರ್ಮನಿಯ ಉಲ್ಮ್ ಎಂಬ ಒಂದೇ ಊರಿನವು. ಮೂರನೆಯದು ಫೈನ್‌ವೆರ್ಕ್‌ಬೌ, ನೆಕರ್ ನದಿಯ ದಡದ ಓಬರ್ನ್‌ಡೋರ್ಫಿನದು. ನಾನು ಸೀರೆ ಅಂಗಡಿಯ ಅಭ್ಯಾಸದಂತೆ, "ಇದರಲ್ಲಿ ಯಾವುದು ಒಳ್ಳೇದಪ್ಪಾ?" ಎಂದೆ. ಅವನು ಹೇಳಿದ್ದು ನನಗೆ ಇಷ್ಟವಾಯಿತು: "ಮೇಡಂ, ಮೂರನ್ನೂ ಕಬ್ಬಿಣದ ಇಕ್ಕಳದಲ್ಲಿ ಬಿಗಿದು, ಅದಕ್ಕೆ ಒಪ್ಪುವ ಗುಂಡು ಹಾಕಿ ಹೊಡೆದರೆ ಎಲ್ಲಾ ಗುಂಡೂ ಹೆಚ್ಚುಕಡಿಮೆ ಒಂದೇ ತೂತಿನಲ್ಲಿ ಹೋಗುತ್ತೆ. ನಳಿಗೆಯಲ್ಲಿ ವ್ಯತ್ಯಾಸ ಹುಡುಕಬೇಡಿ. ಹಿಡಿಯುವವರ ಮೈಗೆ ಯಾವುದು ಕೂರುತ್ತೆ ನೋಡಿ."

ಆಮೇಲೆ ಎರಡೂವರೆ ಗಂಟೆ ನಡೆದದ್ದು ಬಂದೂಕಿನ ವ್ಯಾಪಾರವಲ್ಲ, ದರ್ಜಿಯ ಅಂಗಡಿಯ ಅಳತೆ. ಮೊಣಕೈ ಮಡಿಚಿ, ಅದರ ಒಳಮೂಲೆಯಿಂದ ಟ್ರಿಗರಿನ ಬೆರಳಿನವರೆಗೆ ಟೇಪು ಹಿಡಿದರು. ಟ್ರಿಗರು ಎಂದರೆ ಹಳಬರು ಬಂದೂಕಿನ ಕುದುರೆ ಎನ್ನುತ್ತಿದ್ದುದು. ಆ ಅಳತೆಗೆ ಬಂದೂಕಿನ ಹಿಂಭಾಗವನ್ನು ಒಳಗೆ ತಳ್ಳಿ ಬಿಗಿ ಮಾಡಿದರು. ಭುಜಕ್ಕೆ ಆನಿಸುವ ತಟ್ಟೆಯನ್ನು ಮೇಲೆ ಕೆಳಗೆ ಸರಿಸಿ, ಸ್ವಲ್ಪ ಓರೆಮಾಡಿ ಭುಜದ ಗುಳಿಗೆ ಕೂರಿಸಿದರು. ಕೆನ್ನೆ ಆನಿಸುವ ಪಟ್ಟಿಯನ್ನು ಏರಿಸುತ್ತಾ ಇಳಿಸುತ್ತಾ, ತಲೆ ನೆಟ್ಟಗಿದ್ದ ಹಾಗೇ ಕಣ್ಣು ಕಿಂಡಿಗೆ ಬರುವ ಹಾಗೆ ಮಾಡಿದರು. ಅವಳ ಪುಟ್ಟ ಅಂಗೈಗೆ ಸಣ್ಣ ಅಳತೆಯ ಹಿಡಿ ಹಾಕಿದರು. ಟ್ರಿಗರನ್ನು ಒಂದು ನಿಂಬೆಹಣ್ಣಿನ ತೂಕ ಬಿದ್ದರೆ ಸಾಕು, ಬಿಡುವಂತೆ ತಿರುಗಿಸಿದರು. ಎಡಗೈ ಕೆಳಗೆ ಒಂದು ಒರಗನ್ನು ಇಳಿಸಿದರು. ಯಾಕೆಂದರೆ ಈ ಆಟದಲ್ಲಿ ಬಂದೂಕನ್ನು ತೋಳಿನ ಬಲದಲ್ಲಿ ಎತ್ತಿ ಹಿಡಿಯುವುದಿಲ್ಲ. ಮೊಣಕೈಯನ್ನು ಸೊಂಟದ ಮೂಳೆಯ ಮೇಲೆ ಊರಿ, ಭಾರವೆಲ್ಲ ಮೂಳೆಯ ಮೇಲೆ ಇಳಿಯುವಂತೆ ನಿಲ್ಲಬೇಕು. ನಾವು ತುಂಬಿದ ಬಿಂದಿಗೆಯನ್ನು ಸೊಂಟಕ್ಕೆ ಇಟ್ಟುಕೊಂಡು ಬರುತ್ತಿದ್ದ ಹಾಗೆ. ಬಂದೂಕಿನ ತೂಕ ಐದೂವರೆ ಕೆ.ಜಿ. ಮೀರುವಂತಿಲ್ಲ. ಮೂರು ನಾಲ್ಕು ತಿಂಗಳ ಕೂಸಿನಷ್ಟು ಎನ್ನಿ. ಕೂಸನ್ನೂ ನಾವು ಸೊಂಟದ ಮೇಲೇ ಹೊತ್ತದ್ದಲ್ಲವೇ?

ಅಳತೆಗಳೆಲ್ಲ ಮುಗಿದ ಮೇಲೆ ಸುಬೇದಾರರು ಒಂದು ಪರೀಕ್ಷೆ ಮಾಡಿದರು. ಕಣ್ಣು ಮುಚ್ಚಿಕೊಂಡು ಬಂದೂಕನ್ನು ಎತ್ತಿ ಕೆನ್ನೆಗೆ ಆನಿಸಿಕೋ, ಮೈಯನ್ನು ಸಡಿಲ ಬಿಡು, ಎರಡು ಸಲ ಉಸಿರಾಡು, ಆಮೇಲೆ ಕಣ್ಣು ಬಿಡು. ಮುಂದಿನ ತುದಿಯಲ್ಲಿ ಒಂದು ಪುಟ್ಟ ಬಳೆಯಂಥ ಉಂಗುರವಿರುತ್ತದೆ. ಕಣ್ಣು ಬಿಟ್ಟಾಗ ಕತ್ತು ಅಲುಗಿಸದೆ ಕಿಂಡಿಯ ನಟ್ಟನಡುವೆ ಆ ಬಳೆ ಕಂಡರೆ ಬಂದೂಕು ನಿನ್ನದು, ಕಾಣದಿದ್ದರೆ ಅಲ್ಲ. ಮೊದಲನೆಯದರಲ್ಲಿ ಬಳೆ ಕೆಳಗೆ ಕಂಡಿತಂತೆ. ಎಷ್ಟು ಸರಿಮಾಡಿದರೂ ಕತ್ತನ್ನು ಸ್ವಲ್ಪ ಬಗ್ಗಿಸಬೇಕಾಯಿತು. "ಪರವಾಗಿಲ್ಲ, ಹೊಂ..." ಎಂದು ಶುರುಮಾಡಿದವಳು ನನ್ನ ಮುಖ ನೋಡಿ ನಿಲ್ಲಿಸಿದಳು. "ಬೇಡ, ಹೊಂದಿಕೊಳ್ಳಬೇಡ, ಇನ್ನೊಂದು ನೋಡು" ಎಂದೆ. ನನ್ನ ಬಾಯಲ್ಲಿ ಆ ಮಾತು ಅದೇ ಮೊದಲ ಸಲ ಬಂದದ್ದು. ಎರಡನೆಯದು ಸರಿಯೆನ್ನಿಸಿತು, ಆದರೆ ಮೂತಿ ಭಾರ. ಮೂರನೆಯದನ್ನು ಎತ್ತಿ ಕೆನ್ನೆಗಿಟ್ಟು ಕಣ್ಣು ಮುಚ್ಚಿ ನಿಂತಳು. ನಾನು ಬಂದೂಕನ್ನು ನೋಡಲಿಲ್ಲ, ಅವಳ ದವಡೆಯನ್ನು ನೋಡುತ್ತಿದ್ದೆ. ಅದು ಸಡಿಲವಾಗಿತ್ತು. ತೊಟ್ಟಿಲಲ್ಲಿ ಮಲಗಿದಾಗ ಹೇಗಿತ್ತೋ ಹಾಗೆ. ಕಣ್ಣು ಬಿಟ್ಟು, "ಅಮ್ಮ, ಅಲ್ಲೇ ಇದೆ" ಎಂದಳು.

ಆ ಮೂರನೆಯದು ಯಾವ ಕಂಪನಿಯದೆಂದು ನಾನು ಹೇಳುವುದಿಲ್ಲ. ಗುಟ್ಟೇನಲ್ಲ. ನನ್ನ ಮಗಳಿಗೆ ಕೂತದ್ದು ನಿಮ್ಮ ಮಗಳಿಗೆ ಕೂರಬೇಕೆಂದಿಲ್ಲ. ಹೆಸರು ಕೇಳಿಕೊಂಡು ಹೋಗಿ ತಂದರೆ ಮತ್ತೆ ಅವಳೇ ಹೊಂದಿಕೊಳ್ಳಬೇಕಾದೀತು. ಬೆಲೆ ಪೂರ್ತಿ ಹೇಳುತ್ತೇನೆಂದಿದ್ದೆ: ಮೂರು ಲಕ್ಷದ ಹನ್ನೆರಡು ಸಾವಿರ. ಗುಂಡುಗಳಲ್ಲೂ ಅಳತೆ ಇದೆ. 4.49, 4.50, 4.51 ಎಂದು ಕೂದಲೆಳೆಯ ವ್ಯತ್ಯಾಸ. ಯಾವ ನಳಿಗೆಗೆ ಯಾವುದು ಒಪ್ಪುತ್ತದೆಂದು ಹೊಡೆದೇ ತಿಳಿಯಬೇಕು. ಐನೂರು ಗುಂಡಿನ ಡಬ್ಬಿಗಳನ್ನು ಅದರಂತೆ ಆರಿಸಿಕೊಟ್ಟರು. ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಊಟಕ್ಕೆ ಕೂರಬಾರದೆಂಬ ಕಾನೂನನ್ನು ಮಾತ್ರ ನಾನು ಮಾಡಿದೆ.

ಊರಿಗೆ ಬಂದ ಮೇಲೆ ಮಾತುಗಳು ಬಂದವು. ನಮ್ಮನೆಯವರ ಸೋದರತ್ತೆ, "ಆ ದುಡ್ಡಿಗೆ ನಾಲ್ಕು ಬಳೆ ಬರ್ತಿತ್ತಲ್ಲೇ" ಎಂದರು. "ಇದರಲ್ಲೂ ಒಂದು ಬಳೆ ಇದೆ ಅತ್ತೆ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಅದೇ ವರ್ಷ ಆಗಸ್ಟಿನ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಮನು ಭಾಕರ್ ಎರಡು ಕಂಚಿನ ಪದಕ ತೆಗೆದಾಗ ಅವರೇ ಫೋನು ಮಾಡಿ, "ನಮ್ಮ ಹುಡುಗಿಯದೂ ಅದೇ ಅಲ್ವೇನೇ?" ಎಂದು ಸಂಭ್ರಮಪಟ್ಟರು. ಅದು ಪಿಸ್ತೂಲು, ನಮ್ಮದು ರೈಫಲು ಎಂದು ವಿವರಿಸಿದೆ. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರು 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಇದೇ ರೈಫಲಿನ ಫೈನಲಿಗೆ ಹೋಗಿದ್ದರೆಂದೂ, ಬೆಂಗಳೂರಿನ ಹುಡುಗಿ ತಿಲೋತ್ತಮಾ ಸೇನ್ 2023ರ ಕೈರೋ ವಿಶ್ವಕಪ್ಪಿನಲ್ಲಿ ಕಂಚು ಗೆದ್ದಳೆಂದೂ ಹೇಳಿದೆ. "ಹಾಗಾದರೆ ನಮ್ಮವಳು ಯಾವಾಗ?" ಎಂದರು. ಫೋನಿಟ್ಟೆ.

ನಮ್ಮವಳು ಆ ವರ್ಷ ರಾಜ್ಯಮಟ್ಟದ ಸ್ಪರ್ಧೆಯಲ್ಲಿ 611.4 ಅಂಕ ತೆಗೆದಳು. ಹತ್ತೊಂಬತ್ತನೆಯ ಸ್ಥಾನ. ಪದಕವಿಲ್ಲ, ಪತ್ರಿಕೆಯಲ್ಲಿ ಹೆಸರಿಲ್ಲ. ಆದರೆ ಅಂಕಕ್ಕಿಂತ ಮುಂಚೆ ಅವಳು ನನಗೆ ಹೇಳಿದ್ದು ಬೇರೆ: "ಅಮ್ಮ, ಅರವತ್ತನೇ ಗುಂಡಿನಲ್ಲೂ ಕತ್ತು ನೋಯಲಿಲ್ಲ." ಹಳೆಯ ಬಂದೂಕನ್ನು ಒರೆಸಿ, ಎಣ್ಣೆ ಹಾಕಿ ಭಾವನವರ ಮನೆಗೆ ತಲುಪಿಸಿದೆವು. ಆ ಹುಡುಗ ಫೋನಿನಲ್ಲಿ ನಕ್ಕು, "ಚಿಕ್ಕಮ್ಮ, ಕೊಯ್ಯಬಹುದಿತ್ತಲ್ಲ, ನನಗೇನಕ್ಕೆ ಅದು?" ಎಂದ. ಕೇಳಿದ್ದರೆ ಎರಡು ವರ್ಷ ಮೊದಲೇ ಹೇಳುತ್ತಿದ್ದ. ನಾನು ಕೇಳಿರಲಿಲ್ಲ.

ಇಲ್ಲಿಗೆ ಬಂದೂಕಿನ ಕಥೆ ಮುಗಿಯಬೇಕಾಗಿತ್ತು. ಆದರೆ ಒಂದು ಸಂಜೆ ನಾನು ಪಾತ್ರೆ ತೊಳೆಯುತ್ತಿದ್ದಾಗ ಮಗಳು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಅಮ್ಮ, ನೀನು ಬಗ್ಗಿದ್ದೀಯ" ಎಂದಳು. ಬಗ್ಗದೆ ಹೇಗೆ? ನಾನು ಐದಡಿ ಆರಂಗುಲ. ನಮ್ಮ ಅಡಿಗೆಮನೆಯ ಕಟ್ಟೆ ಅತ್ತೆಯವರ ಕಾಲದ್ದು, ನನ್ನ ತೊಡೆಯ ಮಟ್ಟಕ್ಕೆ ಸ್ವಲ್ಪ ಮೇಲೆ. ಇಪ್ಪತ್ತಾರು ವರ್ಷಗಳಿಂದ ಅಲ್ಲಿ ಬಗ್ಗಿ ಹೆಚ್ಚಿದ್ದೇನೆ, ಬಗ್ಗಿ ಲಟ್ಟಿಸಿದ್ದೇನೆ, ಬಗ್ಗಿ ತೊಳೆದಿದ್ದೇನೆ. ಸೊಂಟ ನೋವನ್ನು ಹೆರಿಗೆಯ ಮೇಲೂ ವಯಸ್ಸಿನ ಮೇಲೂ ಹಾಕಿದ್ದೇನೆ. ಒಳಗೊಳಗೇ, ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಅತ್ತೆಯವರ ಮೇಲೂ. ತಮ್ಮ ಅಳತೆಗೆ ಕಟ್ಟಿಸಿಕೊಂಡರು, ಬರುವ ಸೊಸೆಯನ್ನು ನೆನೆಯಲಿಲ್ಲ ಎಂದು.

ಕಟ್ಟೆ ಎತ್ತರಿಸಬೇಕೆಂದಾಗ ನಮ್ಮನೆಯವರು, "ಮಗಳಿಗೆ ಎತ್ತರ ಆಗಲ್ವೇ?" ಎಂದರು. ಮಗಳು, "ನನ್ನ ಮನೇಲಿ ನಾನು ನನ್ನ ಅಳತೆಗೆ ಕಟ್ಟಿಸ್ಕೋತೀನಪ್ಪ" ಎಂದಳು. ಉಳಿದವರು ಅತ್ತೆ. ಅವರಿಗೆ ನೋವಾಗದ ಹಾಗೆ ಹೇಗೆ ಹೇಳುವುದೆಂದು ಎರಡು ದಿನ ಯೋಚಿಸಿ, ಕೊನೆಗೆ ಅವರ ಕಾಲು ನೀವುತ್ತಾ, "ನಿಮ್ಮ ಅಳತೆಯ ಕಟ್ಟೆ ಅಲ್ವಾ ಅತ್ತೆ, ನನಗೆ ಸ್ವಲ್ಪ ತಗ್ಗಾಗುತ್ತೆ" ಎಂದೆ. ಅವರು ಕಣ್ಣು ಮುಚ್ಚಿಕೊಂಡೇ ಹೇಳಿದರು: "ನನ್ನ ಅಳತೆ ಯಾರು ಕೇಳಿದ್ರು? ನಿಮ್ಮ ಮಾವನೋರು ಮೇಸ್ತ್ರಿಗೆ ಎರಡು ಅಡಿ ಅಂದ್ರು, ಅವನು ಎರಡು ಅಡಿ ಕಟ್ಟಿದ. ನನಗೂ ತಗ್ಗೇ ಆಗ್ತಿತ್ತು. ಹೊಂದಿಕೊಂಡೆ."

ಮೇಸ್ತ್ರಿ ಬಂದು, ಎಷ್ಟು ಎತ್ತರ ಬೇಕಮ್ಮಾ ಎಂದಾಗ ನನಗೆ ಉತ್ತರ ಗೊತ್ತಿರಲಿಲ್ಲ. ಮಗಳು ಟೇಪು ತಂದಳು. "ಅಮ್ಮ, ನೆಟ್ಟಗೆ ನಿಲ್ಲು. ಭುಜ ಸಡಿಲ ಬಿಡು. ಮೊಣಕೈ ಮಡಿಚು" ಎಂದಳು. ನಾನು ನಿಂತೆ. ಮೊಣಕೈಯಿಂದ ನಾಲ್ಕಂಗುಲ ಕೆಳಗೆ ಮೇಸ್ತ್ರಿ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದ. ಅತ್ತೆಯವರು ಕುರ್ಚಿ ಹಾಕಿಸಿಕೊಂಡು ಕೂತು, ಗೆರೆ ನೇರವಾಗಿದೆಯೋ ಇಲ್ಲವೋ ಎಂದು ನೋಡುತ್ತಿದ್ದರು.

ಕಟ್ಟೆ ಏರಿದ ಮೇಲೆ ಸೊಂಟ ನೋಯುವುದಿಲ್ಲ ಎಂದರೆ ಸುಳ್ಳಾದೀತು. ವಯಸ್ಸಿನ ನೋವು ಬೇರೆ ಇದೆ, ಅದಕ್ಕೆ ಮೇಸ್ತ್ರಿ ಸಿಗುವುದಿಲ್ಲ. ಆದರೆ ಬಗ್ಗಿದ್ದರಿಂದ ಬರುತ್ತಿದ್ದ ನೋವು ಈಗ ಇಲ್ಲ.